ತೊಣ್ಣೂರಿನ ಮನೆಗೆ ಒಂದೇ ಬೀಗದ ಕೈ

ರಜೆ ಅಂದರೇನು ಎಂದು ನಮ್ಮ ತಾತ ಕಲಿತದ್ದು ಬಾಡಿಗೆಗಿದ್ದವರಿಂದ. ಪುಟ್ಟೇನಹಳ್ಳಿಯ ರಾಗಿ ಹೊಲಗಳೆಲ್ಲ ಲೇಔಟ್ ಆಗಿ, ನಮ್ಮವರು ನೇಗಿಲು ಅಟ್ಟಕ್ಕೆ ಹಾಕಿ, ಮನೆ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಡಲು ಶುರು ಮಾಡಿದ ಕಾಲ ಅದು. ಏಪ್ರಿಲ್ ಬಂತೆಂದರೆ ಮೇಲಿನ ಮನೆಯ ಬ್ಯಾಂಕಿನವರು, ಹಿಂದಿನ ಮನೆಯ ಮೇಷ್ಟ್ರು, ಒಬ್ಬರಾದ ಮೇಲೊಬ್ಬರು ಬೀಗ ಜಡಿದು, ಬೀಗದ ಕೈಯನ್ನು ತಾತನಿಗೆ ಕೊಟ್ಟು, "ಯಜಮಾನ್ರೇ, ತುಳಸಿಗೆ ಒಂಚೂರು ನೀರು ಹಾಕ್ಬಿಡಿ, ರಜಕ್ಕೆ ಹೋಗ್ತಿದೀವಿ" ಎಂದು ಹೊರಟುಬಿಡುತ್ತಿದ್ದರಂತೆ. ನಾಲ್ಕು ಬೇಸಿಗೆ ತಾತ ಕಂಡವರ ತುಳಸಿಗೆಲ್ಲ ನೀರು ಹಾಕಿದರು. ಐದನೆಯ ಬೇಸಿಗೆಯಲ್ಲಿ ಚೊಂಬು ಕೆಳಗಿಟ್ಟು ಅಜ್ಜಿಯನ್ನು ಕೇಳಿದರಂತೆ: "ಅಲ್ಲ ಕಣೇ, ಇವರ ಗಿಡಕ್ಕೆಲ್ಲ ನಾನು ಹಾಕ್ತೀನಿ. ನಮ್ಮ ಗಿಡಕ್ಕೆ ಯಾರು ಹಾಕೋದು?"

ಮರುವರ್ಷವೇ ಪಾಂಡವಪುರದ ಆಚೆ, ತೊಣ್ಣೂರು ಕೆರೆಯಿಂದ ಕೂಗಳತೆಯಲ್ಲಿ, ಎರಡು ಕೋಣೆ ಒಂದು ಜಗಲಿಯ ಹೆಂಚಿನ ಮನೆ ನಮ್ಮದಾಯಿತು. ಮೇ ತಿಂಗಳಲ್ಲಿ ತಾತ ಬೀಗ ಜಡಿದು, ಬೀಗದ ಕೈಯನ್ನು ಮೇಷ್ಟ್ರ ಕೈಗಿಟ್ಟು, "ಮೇಷ್ಟ್ರೇ, ತುಳಸಿಗೆ ಒಂಚೂರು ನೀರು" ಅಂದರು. ಆಟೋದಲ್ಲಿ ಕೂತು ಅವರು ಹಿಂದಿರುಗಿ ನೋಡಿದಾಗ ಮುಖದಲ್ಲಿದ್ದ ಗತ್ತು ಮದುವೆಯ ದಿನವೂ ಇರಲಿಲ್ಲ ಎಂದು ಅಜ್ಜಿ ಹೇಳುತ್ತಾರೆ. ಹೊಲ ಉತ್ತವರಿಗೆ ರಜೆ ಎಲ್ಲಿಂದ ಬರಬೇಕು? ನಮ್ಮ ವಂಶದಲ್ಲಿ ಮೊದಲ ರಜೆ ತೆಗೆದುಕೊಂಡವರು ಅವರು. ಅದಕ್ಕೆ ಅವರಿಗೆ ನಾನು ಋಣಿ. ಇದರಲ್ಲಿ ನನ್ನ ಕಡೆಯಿಂದ ಯಾವ ತಕರಾರೂ ಇಲ್ಲ. ಮುಂದಿನದರಲ್ಲೆಲ್ಲ ಇತ್ತು.

ತೊಣ್ಣೂರೇ ಯಾಕೆ ಅಂದರೆ ಕೆರೆ. ತಾತ ಈಜು ಕಲಿತದ್ದು ಪುಟ್ಟೇನಹಳ್ಳಿ ಕೆರೆಯಲ್ಲಿ. ನಮ್ಮ ಕಾಲಕ್ಕೆ ಅದಕ್ಕೆ ಬೇಲಿ ಬಂದು, ಸುತ್ತ ವಾಕಿಂಗ್ ದಾರಿ ಬಂದು, ಏನೇನು ಮಾಡಬಾರದು ಎಂಬ ಫಲಕವೂ ಬಂತು. ಆ ಕೆರೆ ಉಳಿದದ್ದೇ ದೊಡ್ಡದು ಎಂದು ನಾನು ವಾದಿಸುತ್ತಿದ್ದೆ. ತಾತನೂ ಹೌದೌದು ಎನ್ನುತ್ತಿದ್ದರು. ಆದರೆ ಇಳಿಯಲಾಗದ ಕೆರೆ ಅವರ ಪಾಲಿಗೆ ಗೋಡೆಯ ಮೇಲಿನ ಫೋಟೋ ಇದ್ದಹಾಗೆ. ತೊಣ್ಣೂರಿನಲ್ಲಿ ಅವರು ನೀರಿಗಿಳಿದರು, ನಮ್ಮನ್ನೆಲ್ಲ ಇಳಿಸಿದರು. ಮಾಡಿನ ತೊಲೆಯಿಂದ ಹಗ್ಗದಲ್ಲಿ ನಾಲ್ಕು ಒಣ ಸೋರೆ ಬುರುಡೆ ತೂಗುತ್ತಿದ್ದವು. ಇಡಿಯಾಗಿ ಒಣಗಿಸಿದ ಸೋರೆಕಾಯಿ, ಒಳಗೆ ಬೀಜ ಗಲಗಲ ಅನ್ನುವಂಥದ್ದು. ಎರಡನ್ನು ಬೆನ್ನಿಗೆ ಕಟ್ಟಿ ತಾತ ನೀರಿಗೆ ಬಿಡುತ್ತಿದ್ದರು. ಮುಳುಗಬೇಕೆಂದರೂ ಮುಳುಗಲಾಗದು. ಮೊದಲು ಕಲಿತದ್ದು ಅತ್ತೆ, ಅಂದರೆ ಅಪ್ಪನ ತಂಗಿ. ಆಮೇಲೆ ಅಪ್ಪ, ಆಮೇಲೆ ನಾವು ಮೊಮ್ಮಕ್ಕಳು. ದೊಡ್ಡಪ್ಪ ಮಾತ್ರ ಇವತ್ತಿಗೂ ಕಲಿತಿಲ್ಲ. ದಡದಲ್ಲಿ ಎಲ್ಲರ ಬಟ್ಟೆ ಕಾಯುತ್ತಾ, "ಆ ಕಡೆ ಹೋಗ್ಬೇಡ್ರೋ, ಅಲ್ಲಿ ಆಳ" ಎಂದು ಕೂಗುವುದು ಅವರ ಕೆಲಸ. ಯಾವ ಕಡೆ ಹೋದರೂ ಅಲ್ಲಿಯೇ ಆಳ.

ಇನ್ನು ಬೀಗದ ಕೈ. ತೊಣ್ಣೂರಿನ ಮನೆಗೆ ಇದ್ದದ್ದು ಒಂದೇ. ಅದು ಪುಟ್ಟೇನಹಳ್ಳಿಯಲ್ಲಿ ಅಜ್ಜಿಯ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಹೋಗುವವರು ಯಾರೇ ಇರಲಿ ಅಜ್ಜಿಯ ಹತ್ತಿರ ಬಂದು ತೆಗೆದುಕೊಳ್ಳಬೇಕು. ವಾಪಸ್ ಬಂದವರು ಮನೆಗೆ ಹೋಗುವ ಮುಂಚೆ ಅಜ್ಜಿಗೆ ಕೊಟ್ಟು ಹೋಗಬೇಕು. ಅದೇ ಕಟ್ಟಡದ ಮೊದಲ ಮಹಡಿಯಲ್ಲಿರುವ ದೊಡ್ಡಪ್ಪನೂ ಮೆಟ್ಟಿಲಿಳಿದು ಬಂದು ಕೇಳಬೇಕು. ಅತ್ತೆಯ ಮನೆ ಇಟ್ಟಮಡುವಿನಲ್ಲಿ, ಮೈಸೂರು ರಸ್ತೆ ಅಲ್ಲಿಂದ ಪಕ್ಕದಲ್ಲೇ. ಆದರೂ ಅವರು ಆ ರಸ್ತೆಗೆ ಬೆನ್ನು ಹಾಕಿ, ಟ್ರಾಫಿಕ್ಕಿನಲ್ಲಿ ಪುಟ್ಟೇನಹಳ್ಳಿಗೆ ಬಂದು, ಮುದ್ದೆ ಬಸ್ಸಾರು ಉಂಡು, ಬೀಗದ ಕೈ ಹಿಡಿದು, ಮತ್ತೆ ಬಂದ ದಾರಿಯಲ್ಲೇ ಹೋಗುತ್ತಿದ್ದರು. ಬಿಟಿಎಂನಿಂದ ಬರುವ ನಮ್ಮ ಕಥೆಯೂ ಅದೇ. ಉಣ್ಣದೆ ಬೀಗದ ಕೈ ಪಡೆದವರು ನಮ್ಮಲ್ಲಿ ಯಾರೂ ಇಲ್ಲ. ತಂದುಕೊಡುವಾಗ ಅಜ್ಜಿ ಮೂರು ಪ್ರಶ್ನೆ ಕೇಳುತ್ತಿದ್ದರು, ಯಾವಾಗಲೂ ಇದೇ ಸಾಲಾಗಿ: "ನಲ್ಲಿ ತಿರುಗ್ಸಿದ್ಯಾ? ಗ್ಯಾಸ್ ಆಫಾ? ಬುರುಡೆ ಮೇಲೆ ಕಟ್ಟಿದ್ಯಾ?" ಕಟ್ಟಿಲ್ಲವೆಂದರೆ ಇಲಿ ಕಡಿಯುತ್ತದೆ. ಆಮೇಲೆ ಕೆರೆಯಲ್ಲಿ ನೀರೆಷ್ಟು, ಹಿತ್ತಲ ಸಂಪಿಗೆ ಹೂ ಬಿಟ್ಟಿತೇ, ಪಕ್ಕದ ಮನೆಯವರ ಎಮ್ಮೆ ಕರು ಹಾಕಿತೇ ಎಂದು ಒಂದು ಗಂಟೆ ಮಾತು.

ಇದನ್ನು ನಾನು ವರ್ಷಗಟ್ಟಲೆ ಟೈಮ್ ವೇಸ್ಟ್ ಎಂದೇ ಕರೆದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯೇ ನನ್ನ ಊಟ ತಿಂಡಿ ಆಗಿತ್ತು. ಈಗಲೂ ಶನಿವಾರಗಳಲ್ಲಿ ಜಯನಗರದಲ್ಲಿ ಶಾಲೆಯ ಮಕ್ಕಳಿಗೆ ವಾದ ಮಾಡುವುದನ್ನು ಹೇಳಿಕೊಡುತ್ತೇನೆ. ಅಲ್ಲಿ ಮೊದಲ ಪಾಠ, "ಹಿಂದಿನಿಂದ ಹೀಗೇ ಬಂದಿದೆ" ಎನ್ನುವುದು ಕಾರಣವಲ್ಲ. ತಾತ ತೀರಿಕೊಂಡ ಮೇಲೂ ನಮ್ಮ ಮನೆಯಲ್ಲಿ ಆ ಒಂದು ಕಾರಣದ ಮೇಲೆಯೇ ಎಲ್ಲ ನಡೆದಿತ್ತು.

ಹೋದ ವರ್ಷ ಸಂಕ್ರಾಂತಿಯ ಮರುವಾರ ಅಜ್ಜಿ ಎಲ್ಲರನ್ನೂ ಕರೆಸಿದರು. ಅವರೆಕಾಯಿ ಕಾಲ. ಟೆರೇಸಿನ ಮೇಲೆ ಚಾಪೆ ಹಾಸಿ, ನೆನೆಸಿದ ಕಾಳನ್ನು ನಡುವೆ ಸುರಿದುಕೊಂಡು ಎಲ್ಲರೂ ಹಿತುಕುತ್ತಿದ್ದೆವು. ಅಜ್ಜಿ ನೇರವಾಗಿ ವಿಷಯಕ್ಕೆ ಬಂದರು. "ತೊಣ್ಣೂರ್ ಮನೆ ನನ್ನ ಹೆಸರಲ್ಲೇ ಅದೆ. ನಂದು ಇನ್ನೆಷ್ಟು ದಿನವೋ. ನಾನಿರೋವಾಗ್ಲೇ ಏನು ಮಾಡ್ತೀರಿ ಬರೆದಿಡಿ. ಆಮೇಲೆ ಕಿತ್ತಾಡ್ಬೇಡಿ."

ದೊಡ್ಡಪ್ಪ ಮೊದಲೇ ಯೋಚಿಸಿಕೊಂಡು ಬಂದಿದ್ದರು. ಮನೆ ಇಬ್ಬರು ಗಂಡುಮಕ್ಕಳ ಹೆಸರಿಗೆ. ಅತ್ತೆ ಹಕ್ಕು ಬಿಟ್ಟೆ ಎಂದು ಒಂದು ಸಹಿ ಹಾಕುವುದು. ನಮ್ಮ ಕಡೆ ಹೊಲ ಮಾರಿದಾಗಲೆಲ್ಲ ಹೆಣ್ಣುಮಕ್ಕಳು ಹಾಕಿದ ಸಹಿ ಅದೇ. "ಅವಳಿಗೆ ಬೇಕಾದಾಗ ಬಂದುಹೋಗ್ಲಿ, ಯಾರು ಬೇಡ ಅಂತಾರೆ?" ಅಂದರು.

ಅತ್ತೆ ತಲೆ ಎತ್ತಲಿಲ್ಲ. "ಎಲ್ಲಿ ಸೈನ್ ಮಾಡ್ಬೇಕು ಹೇಳಣ್ಣ, ಮಾಡ್ತೀನಿ. ಆದ್ರೆ ಬಂದುಹೋಗೋಕೆ ನಾನೇನು ನೆಂಟಳಾ? ಆ ಕೆರೇಲಿ ನಿನಗಿಂತ ಮುಂಚೆ ಇಳಿದೋಳು ನಾನು. ನೀನಂತೂ ಇನ್ನೂ ಇಳೀಬೇಕು." ಅವರ ಬೆರಳ ತುದಿಯಿಂದ ಒಂದು ಬೇಳೆ ಚಿಮ್ಮಿ ದೊಡ್ಡಪ್ಪನ ಕನ್ನಡಕಕ್ಕೆ ಬಡಿಯಿತು. ಬೇಕೆಂದೇ ಅಲ್ಲ ಎಂದು ಅವರು ಈಗಲೂ ಹೇಳುತ್ತಾರೆ.

ಆಗ ನಾನು ಬಾಯಿ ಹಾಕಿದೆ. "ಮಾರಿಬಿಡಿ" ಅಂದೆ. ಹೋಮ್‌ಸ್ಟೇ ಮಾಡುವವರೊಬ್ಬರು ಕೇಳಿಕೊಂಡು ಎರಡು ಸಲ ಬಂದಿದ್ದರು. ಈಗ ಹಕ್ಕುದಾರರು ಮೂವರು, ಮುಂದೆ ಏಳು ಮೊಮ್ಮಕ್ಕಳು, ಅದರ ಮುಂದೆ ಲೆಕ್ಕವಿಲ್ಲ; ಎಲ್ಲರದ್ದೂ ಆದದ್ದನ್ನು ಯಾರೂ ಗುಡಿಸುವುದಿಲ್ಲ; ಜಗಳವಾಡಿ ಮಾರುವುದಕ್ಕಿಂತ ನಗುತ್ತಾ ಮಾರುವುದು ಒಳ್ಳೆಯದು. ಮೂರು ನಿಮಿಷದಲ್ಲಿ ಮುಗಿಸಿದೆ. ಸ್ಪರ್ಧೆಯಾಗಿದ್ದರೆ ಗಂಟೆ ಹೊಡೆಯುವ ಮುಂಚೆ. ಟೆರೇಸಿನ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಪ್ಪ ಮಾತ್ರ, "ನೀರು ಬೇಕಾ?" ಎಂದು ಕೇಳಿದರು.

ಅಜ್ಜಿ, "ಅಲ್ಲ ಕಣವ್ವ, ಕಾಲೇಜಲ್ಲಿ ಯಾವ ಕಡೆ ಮಾತಾಡ್ಬೇಕು ಅಂತ ನೀನೇ ಆರಿಸ್ಕೋತಿದ್ಯಾ?" ಅಂದರು.

"ಇಲ್ಲ ಅಜ್ಜಿ. ಟಾಸ್ ಹಾಕ್ತಾರೆ."

"ಹಂಗಾದ್ರೆ ಟಾಸ್ ನಾನ್ ಹಾಕ್ದೆ ಅನ್ಕೋ. ಇಟ್ಕೊಳ್ಳೋ ಕಡೆ ನಿಂದು. ಹೆಂಗಿಟ್ಕೊಳ್ಳೋದು ಅಂತ ಬರ್ಕೊಂಬಾ."

ಬರೆದುಕೊಂಡು ಹೋದೆ, ನಾಲ್ಕು ಪುಟ. ಮೂವರು ಮಕ್ಕಳಿಗೂ ಸಮ ಪಾಲು, ಸಹಿಗಿಹಿ ಏನಿಲ್ಲ. ಅಷ್ಟು ಭಾಗ ಇವತ್ತಿಗೂ ಸರಿ ಎನ್ನುತ್ತೇನೆ. ಉಳಿದದ್ದು ನನ್ನ ಜಾಣತನ. ಜಗಳ ಹುಟ್ಟುವುದು ಎರಡು ಕಡೆ: ಯಾವಾಗ ಹೋಗಬೇಕು, ಯಾರನ್ನು ಕೇಳಬೇಕು. ಎರಡನ್ನೂ ತೆಗೆದುಹಾಕಿದರೆ ಜಗಳವೇ ಇಲ್ಲ. ಫೋನಿನಲ್ಲಿ ಎಲ್ಲರಿಗೂ ಕಾಣುವ ಕ್ಯಾಲೆಂಡರ್, ಮನೆಗೊಂದು ಬಣ್ಣ, ನಿಮ್ಮ ವಾರ ನಿಮ್ಮದು. ಅಜ್ಜಿಯಿಂದ ಬೀಗದ ಕೈ ಇಸಿದುಕೊಂಡು ಹೋಗಿ ಜಯನಗರದಲ್ಲಿ ಫುಟ್‌ಪಾತಿನ ಕೀ ಮಾಡುವವನ ಹತ್ತಿರ ಏಳು ನಕಲು ಮಾಡಿಸಿದೆ. ದೊಡ್ಡವರಿಗೆ ಮೂರು, ಕೆಲಸಕ್ಕೆ ಸೇರಿದ ಮೊಮ್ಮಕ್ಕಳಿಗೆ ನಾಲ್ಕು. ಒಂದು ವರ್ಷ ಹೀಗೆ ನಡೆಸಿ ನೋಡೋಣ, ಸರಿಹೋಗದಿದ್ದರೆ ಮಾರೋಣ ಎಂದು ಎಲ್ಲರೂ ಒಪ್ಪಿದರು. "ಸರಿ ಕಣವ್ವ, ಓದಿದೋಳು ನೀನು" ಎಂದು ಅಜ್ಜಿ ಹಳೆಯ ಬೀಗದ ಕೈಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು.

ಒಂಬತ್ತು ತಿಂಗಳು ಒಂದೇ ಒಂದು ಜಗಳವಾಗಲಿಲ್ಲ. ಕ್ಯಾಲೆಂಡರಿನಲ್ಲಿ ಬಣ್ಣ ತುಂಬುತ್ತಿತ್ತು, ಫೋನಿನಲ್ಲಿದ್ದ ಮನೆಯವರ ಗ್ರೂಪಿನಲ್ಲಿ ಎಲ್ಲದಕ್ಕೂ ಹೆಬ್ಬೆರಳು ಬೀಳುತ್ತಿತ್ತು. ಶನಿವಾರದ ಮಕ್ಕಳಿಗೆ ಇದನ್ನೇ ಉದಾಹರಣೆ ಕೊಟ್ಟು ಬೀಗಿದ್ದೆ.

ದಸರಾ ಕಳೆದ ಮೇಲೆ ನಮ್ಮ ವಾರ ಬಂತು. ಅಪ್ಪ, ಅಮ್ಮ, ನಾನು ಹೋದೆವು. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಹಿಂದಿನ ಕೋಣೆಯ ಕಿಟಕಿ ಯಾವಾಗಿನಿಂದಲೋ ತೆರೆದೇ ಇತ್ತು, ಹಾಸಿಗೆ ಮಳೆಯಲ್ಲಿ ನೆಂದು ಬೂಷ್ಟು ಹಿಡಿದಿತ್ತು. ಗ್ಯಾಸ್ ಖಾಲಿ. ಬುರುಡೆಗಳು ನಾಲ್ಕೂ ಮೂಲೆಯಲ್ಲಿ ನೆಲದ ಮೇಲೆ. ಇಲಿ ಒಂದೊಂದಕ್ಕೂ ಬಾಗಿಲು ಕೊರೆದಿತ್ತು.

ತಾತ ಪುಟ್ಟೇನಹಳ್ಳಿಯ ಟೆರೇಸಿನಲ್ಲಿ ಬಳ್ಳಿ ಹಬ್ಬಿಸಿ, ಕಾಯಿ ಒಣಗಿಸಿ ಮಾಡಿದ ಕೊನೆಯ ಬುರುಡೆಗಳು ಅವು. ಕೂತು ಚೂರುಗಳನ್ನೆಲ್ಲ ತಿರುವಿ ನೋಡಿದೆ. ನಾಲ್ಕು ಬೀಜ ಸಿಕ್ಕಿದ್ದರೆ ಬಿತ್ತಬಹುದಿತ್ತು, ಈ ಬರಹಕ್ಕೂ ಒಂದು ಚೆಂದದ ಮುಕ್ತಾಯ ಸಿಗುತ್ತಿತ್ತು. ಇಲಿ ಒಂದನ್ನೂ ಉಳಿಸಿರಲಿಲ್ಲ.

ಫೋನ್ ಹಿಡಿದು ವಿಚಾರಣೆ ಶುರು ಮಾಡಿದೆ. "ನಾವ್ ಹೋದಾಗ್ಲೇ ಹಂಗಿತ್ತಲ್ಲ!" ಅಂದರು ಒಬ್ಬರು. "ನೆಕ್ಸ್ಟ್ ಬರೋರು ನೋಡ್ತಾರೆ ಅನ್ಕೊಂಡ್ವಿ" ಅಂದರು ಇನ್ನೊಬ್ಬರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲರೂ ನನ್ನ ನಾಲ್ಕು ಪುಟವನ್ನು ಅಕ್ಷರಶಃ ಪಾಲಿಸಿದ್ದರು. ಬಿಟ್ಟು ಹೋದದ್ದರ ಬಗ್ಗೆ ಯಾರಿಗೂ ಉತ್ತರ ಹೇಳಬೇಕಾಗಿ ಬಂದಿರಲಿಲ್ಲ, ಅಷ್ಟೇ.

ವಾಪಸ್ ಬರುತ್ತಾ ಬುರುಡೆಯ ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ಪುಟ್ಟೇನಹಳ್ಳಿಗೇ ಬಂದೆ. ನನ್ನ ಜೇಬಿನಲ್ಲಿ ನನ್ನದೇ ಕೀ ಇತ್ತು, ಬರಬೇಕಾದ ಅಗತ್ಯವಿರಲಿಲ್ಲ. ಅಜ್ಜಿ ಹಜಾರದಲ್ಲಿ ಕೂತಿದ್ದರು. ತೊಣ್ಣೂರಿನಿಂದ ಬಂದೆ ಎಂದೆ. ತಕ್ಷಣ, ಉಸಿರು ತೆಗೆದುಕೊಳ್ಳದೆ, "ನಲ್ಲಿ ತಿರುಗ್ಸಿದ್ಯಾ? ಗ್ಯಾಸ್ ಆಫಾ? ಬುರುಡೆ ಮೇಲೆ ಕಟ್ಟಿದ್ಯಾ?"

ಚೀಲ ಬಿಚ್ಚಿ ಅವರ ಮುಂದೆ ಇಟ್ಟೆ. ಅವರು ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದರು. ಬೈಯಲಿಲ್ಲ.

"ಯಾರೂ ಹೋಗ್ದಿದ್ರೆ ಹಿಂಗೇ ಕಣಮ್ಮ. ಖಾಲಿ ಮನೆ ಇಲಿಗಾಯ್ತು" ಅಂದರು.

"ಹೋಗ್ದೆ ಏನಜ್ಜಿ, ನಮಗಿಂತ ಮುಂಚೆ ಆರು ಸಲ ಹೋಗಿದಾರೆ."

ಅಜ್ಜಿ ನನ್ನ ಮುಖ ನೋಡಿದರು. "ಆರು ಸಲಾನಾ? ಒಬ್ರೂ ಹೇಳ್ಲಿಲ್ವಲ್ಲ. ಮಾರೋದು ಅಂತ ಎಲ್ಲರೂ ಮನಸ್ಸಲ್ಲೇ ತೀರ್ಮಾನ ಮಾಡ್ಕೊಂಡಿದೀರ ಅನ್ಕೊಂಡಿದ್ದೆ." ಆಮೇಲೆ ತಾವೇ ನಕ್ಕರು. "ಹೋಗ್ಲಿ ಬಿಡು, ಆರು ಸಲದ ಮುದ್ದೆ ಉಳೀತು."

ನಾನು ನಗಲಿಲ್ಲ. ಒಂಬತ್ತು ತಿಂಗಳು ಆ ಹೆಂಗಸು ಮೊಳೆಯ ಮೇಲಿನ ಬೀಗದ ಕೈ ನೋಡುತ್ತಾ, ಗಂಡ ಆಸೆಯಿಂದ ಮಾಡಿದ ಮನೆ ಯಾರಿಗೂ ಬೇಡವಾಯಿತು ಎಂದುಕೊಂಡು ಕೂತಿದ್ದರು. ಅದೂ ಮನೆ ತುಂಬ ಜನ ಹೋಗಿಬರುತ್ತಿದ್ದಾಗ. ನಾನು ತೆಗೆದುಹಾಕಿದ ಜಗಳದ ಜೊತೆಗೆ ಅಜ್ಜಿಯೂ ಲೆಕ್ಕದಿಂದ ಹೋಗಿಬಿಟ್ಟಿದ್ದರು.

"ಅಜ್ಜಿ, ತಾತ ಇದಕ್ಕೇನಾ ಒಂದೇ ಕೀ ಇಟ್ಟಿದ್ದು? ಎಲ್ಲರೂ ನಿಮ್ಮ ಹತ್ರ ಬರ್ಲಿ ಅಂತ?"

"ಅಯ್ಯೋ, ನಿಮ್ ತಾತ ಅಷ್ಟೆಲ್ಲ ಎಲ್ಲಿ ಯೋಚ್ನೆ ಮಾಡಿದ್ರು? ಎರಡಿತ್ತು ಕಣೇ. ಒಂದನ್ನ ಉಡಿದಾರಕ್ಕೆ ಕಟ್ಕೊಂಡು ಈಜಕ್ಕೆ ಹೋದ್ರು. ಕೆರೆ ಪಾಲಾಯ್ತು. ಮಾಡಿಸ್ತೀನಿ ಮಾಡಿಸ್ತೀನಿ ಅಂತ ಮಾಡಿಸ್ಲೇ ಇಲ್ಲ."

ಇದು ನನಗೆ ಬಹಳ ಹಿಡಿಸಿತು. ತಾತ ದೊಡ್ಡ ಜ್ಞಾನಿ, ದೂರದೃಷ್ಟಿಯವರು ಎಂದಿದ್ದರೆ ನಾನು ಪುರಾವೆ ಕೇಳುತ್ತಿದ್ದೆ. ಸೋಮಾರಿತನದಿಂದ ಹುಟ್ಟಿದ ಪದ್ಧತಿ. ಆದರೂ ಇಷ್ಟು ವರ್ಷ ಮನೆಗೆ ಬೂಷ್ಟು ಹಿಡಿದಿರಲಿಲ್ಲ, ಬುರುಡೆ ಮೇಲೆ ತೂಗಿತ್ತು. ಅದಕ್ಕಿಂತ ಪುರಾವೆ ಇನ್ನೇನು ಬೇಕು?

ಈ ವರ್ಷ ಮತ್ತೆ ಅವರೆಕಾಯಿ ಬಂದಾಗ ಅದೇ ಟೆರೇಸಿನಲ್ಲಿ ಕೂತೆವು. ಈ ಸಲ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಲಾಯರ್ ಅಂಕಲ್ ಕೂಡ ಕರಡು ಪತ್ರ ಹಿಡಿದು ಬಂದಿದ್ದರು. ಹೋಮ್‌ಸ್ಟೇಯವರು ಮತ್ತೆ ಫೋನ್ ಮಾಡಿದ್ದರು. ಸರಿಹೋಗದಿದ್ದರೆ ಮಾರುವುದೆಂಬ ಮಾತು ನನ್ನದೇ. ಸರಿಹೋಗಿಲ್ಲ ಎಂಬುದಕ್ಕೆ ಬೂಷ್ಟು ಹಿಡಿದ ಹಾಸಿಗೆಯೇ ಸಾಕ್ಷಿ. ದೊಡ್ಡಪ್ಪ ಶುರು ಮಾಡಿದರು: "ಏನಮ್ಮ ಡಿಬೇಟ್ ರಾಣಿ, ನಿನ್ ಕ್ಯಾಲೆಂಡರ್ ಏನಂತದೆ?"

"ನನ್ನ ಪ್ಲಾನ್ ತಪ್ಪು, ದೊಡ್ಡಪ್ಪ" ಅಂದೆ.

ಅಪ್ಪ ಹಿತುಕುವುದನ್ನು ನಿಲ್ಲಿಸಿದರು. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಕೇಳದ ವಾಕ್ಯ. ನನ್ನ ನಾಲ್ಕು ಪುಟದ ವಿರುದ್ಧ ನಾನೇ ಮಾತಾಡಿದೆ, ಆರು ಸಲದ ಮುದ್ದೆಯ ಕಥೆಯನ್ನೂ ಹೇಳಿದೆ. ಎಲ್ಲರೂ ಅಜ್ಜಿಯ ಕಡೆ ನೋಡಿ ತಲೆ ತಗ್ಗಿಸಿದರು. ಕೊನೆಗೆ, ಪಾಲು ಮೂವರಿಗೂ ಸಮ, ತಮ್ಮ ಪಾಲು ಮಾರುವವರು ಮೊದಲು ಉಳಿದಿಬ್ಬರನ್ನು ಕೇಳಬೇಕು, ಬೀಗದ ಕೈ ಮಾತ್ರ ಒಂದೇ ಇರಬೇಕು. ಅದು ಅಜ್ಜಿಯ ನಂತರ ಅತ್ತೆಯ ಬಳಿ, ಆಮೇಲೆ ಮನೆಯ ಹಿರಿಯ ಹೆಣ್ಣುಮಗಳ ಬಳಿ ಎಂದೆ.

ಲಾಯರ್ ಅಂಕಲ್ ಕನ್ನಡಕ ಏರಿಸಿದರು. "ಕೀ ವಿಚಾರ ಎಲ್ಲ ಪತ್ರಕ್ಕೆ ಹಾಕೋಕೆ ಬರಲ್ಲಮ್ಮ."

"ಯಾವ ಕಾನೂನು ಬೇಡ ಅಂತದೆ ಅಂಕಲ್?"

"ಬೇಡ ಅಂತ ಇಲ್ಲ. ಯಾರೂ ಹಾಕಿಲ್ಲ ಅಷ್ಟೇ."

"ಯಾರೂ ಹಾಕಿಲ್ಲ ಅನ್ನೋದು ಕಾರಣ ಅಲ್ಲ ಅಂಕಲ್."

ಅವರು ಅಜ್ಜಿಯ ಕಡೆ ತಿರುಗಿ, "ಇವಳಿಗೆ ಬಾಡಿಗೆ ಮನೆ ಕೊಡ್ಬೇಡಿ ಅಜ್ಜಿ" ಎನ್ನುತ್ತಾ ಕೀ ವಿಚಾರವನ್ನೂ ಬರೆದುಕೊಂಡರು.

ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. "ಪಾಲು ಕೊಡಿ, ಬೇಡ ಅನ್ನಲ್ಲ. ಆದ್ರೆ ಕೀ? ಮದುವೆಯಾಗಿ ಹೋದೋಳ ಮನೇಲಿ ನಮ್ಮನೆ ಕೀನಾ?"

ನನ್ನ ಹತ್ತಿರ ಇದಕ್ಕೆ ಐದು ಉತ್ತರ ಸಿದ್ಧವಿದ್ದವು. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಹೇಳಿದರು: "ನಾನೂ ಮದುವೆಯಾಗಿ ಬಂದೋಳೇ ಕಣಪ್ಪ. ಇಷ್ಟು ವರ್ಷ ಕೀ ನನ್ನ ಹತ್ರ ಇತ್ತು. ನಾನೇನು ಕದ್ಕೊಂಡು ಹೋದ್ನಾ?"

ನನ್ನ ಐದನ್ನೂ ನುಂಗಿಕೊಂಡೆ. ದೊಡ್ಡಪ್ಪ ಒಂದು ಹಿಡಿ ಅವರೆಕಾಳು ಹಿತುಕಿದರು. ಆಮೇಲೆ ತಂಗಿಯ ಕಡೆ ತಿರುಗಿ, "ನಿಮ್ಮನೆ ಸಾರಲ್ಲಿ ಉಪ್ಪೇ ಇರಲ್ಲ ಮಾರಾಯ್ತಿ" ಅಂದರು.

"ಉಪ್ಪಿನ ಡಬ್ಬ ಎದುರಿಗಿಡ್ತೀನಿ ಬಾರಣ್ಣ. ಉಣ್ಣದೆ ಮಾತ್ರ ಕೀ ಕೊಡಲ್ಲ" ಅಂದರು ಅತ್ತೆ. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಅವರೆಕಾಳಿನ ಸಿಪ್ಪೆ ಹಾರಿತು ಅಂದರು. ನಾನು ವಾದಿಸಲಿಲ್ಲ.

ತಮ್ಮ ನಂತರ ಎಂದು ಪತ್ರದಲ್ಲಿದ್ದರೂ ಅಜ್ಜಿ ಕಾಯಲಿಲ್ಲ. "ನಾನ್ ಇದ್ದಾಗ್ಲೇ ಕೊಟ್ರೆ ಹೆಂಗ್ ನಡೀತದೆ ಅಂತ ನೋಡ್ಬೋದಲ್ಲ" ಎಂದು ಅತ್ತೆಯ ಮನೆಯ ಅಡುಗೆಮನೆಯಲ್ಲಿ ಮೊಳೆ ಹೊಡೆಸಿದರು. ನನ್ನ ಏಳು ಕೀಗಳಲ್ಲಿ ಆರು ವಾಪಸ್ ಬಂದವು. ಏಳನೆಯದನ್ನು ದೊಡ್ಡಪ್ಪ ಇನ್ನೂ ಹುಡುಕುತ್ತಿದ್ದಾರೆ. ಹಾಗಾಗಿ ಬೀಗವನ್ನೇ ಬದಲಾಯಿಸಿದೆವು. ಹೊಸ ಬೀಗದ ಜೊತೆ ಎರಡು ಕೀ ಬಂದವು. ಒಂದು ಅತ್ತೆಯ ಮೊಳೆಗೆ. ಇನ್ನೊಂದನ್ನು ಬ್ಯಾಂಕ್ ಲಾಕರಿನಲ್ಲಿಡೋಣ, ಬುದ್ಧಿ ಇರುವವರು ಮಾಡುವುದು ಅದನ್ನೇ ಎಂದು ನಾನು ಹತ್ತು ನಿಮಿಷ ವಾದಿಸಿದೆ. "ಲಾಕರಲ್ಲಿದ್ರೆ ನೀನೇ ಹೋಗಿ ತಗೊಂಬತ್ತೀಯ" ಅಂದರು ಅಜ್ಜಿ. ಸೋತೆ. ಆ ಕೀಯನ್ನು ಇಲ್ಲವಾಗಿಸುವ ಕೆಲಸ ನನ್ನ ಪಾಲಿಗೇ ಬಂತು.

ಹೋದ ತಿಂಗಳು ನಮ್ಮ ಸರದಿ. ಇಟ್ಟಮಡುವಿಗೆ ಹೋಗಿ, ಉಪ್ಪಿಲ್ಲದ ಸಾರು ಉಂಡು, ಬೀಗದ ಕೈ ತೆಗೆದುಕೊಂಡೆ. ಅತ್ತೆ ಯಾರನ್ನೋ ಕೇಳಿ ಹಳ್ಳಿಯೊಂದರಿಂದ ತರಿಸಿದ್ದ ಎರಡು ಹೊಸ ಬುರುಡೆಗಳನ್ನೂ ಕೊಟ್ಟರು. ತಾತನ ಬುರುಡೆಗಳಷ್ಟು ದುಂಡಗಿಲ್ಲ. ಒಂದರ ಕುತ್ತಿಗೆ ಸೊಟ್ಟ. ತೇಲುತ್ತವೆ. ಅವನ್ನು ಬೆನ್ನಿಗೆ ಕಟ್ಟಿಕೊಂಡು, ದಡದಲ್ಲಿ ಕೂಗಲು ದೊಡ್ಡಪ್ಪನಿಲ್ಲದ ಧೈರ್ಯದಲ್ಲಿ ಸ್ವಲ್ಪ ಮುಂದಕ್ಕೇ ಹೋಗಿ, ಆ ಎರಡನೆಯ ಕೀಯನ್ನು ನೀರಿಗೆ ಬಿಟ್ಟೆ. ತಿಳಿನೀರು. ಹೊಳೆಯುತ್ತಾ ಇಳಿಯುವುದು ಸುಮಾರು ಹೊತ್ತು ಕಾಣುತ್ತಿತ್ತು. ಇದರಲ್ಲಿ ತರ್ಕವಿಲ್ಲ ಎಂದು ನನಗೆ ಗೊತ್ತು. ಆದರೂ ಮೊದಲನೆಯದನ್ನು ಇದೇ ನೀರಿನಲ್ಲಿ ಕಳೆದುಕೊಂಡ ತಾತನಿಗೆ ಮನಸ್ಸಿನಲ್ಲೇ ಒಂದು ಥ್ಯಾಂಕ್ಸ್ ಹೇಳಿದೆ.

ಭಾನುವಾರ ಮಧ್ಯಾಹ್ನ ಇಟ್ಟಮಡುವಿಗೆ ವಾಪಸ್ ಬಂದಾಗ ಅತ್ತೆಯ ಮನೆಯಲ್ಲಿ ಅಜ್ಜಿಯೂ ಇದ್ದರು. ಮುಂದಿನ ವಾರದ ಸರದಿಗೆ ಬಂದಿದ್ದ ದೊಡ್ಡಪ್ಪ ಆಗಲೇ ತಟ್ಟೆಯ ಮುಂದೆ ಕೂತು, ಉಪ್ಪಿನ ಡಬ್ಬ ಹತ್ತಿರಕ್ಕೆ ಎಳೆದುಕೊಂಡಿದ್ದರು. ಬೀಗದ ಕೈಯನ್ನು ಅತ್ತೆಯ ಕೈಗಿಟ್ಟೆ.

"ನಲ್ಲಿ ತಿರುಗ್ಸಿದ್ಯಾ? ಗ್ಯಾಸ್ ಆಫಾ? ಬುರುಡೆ ಮೇಲೆ ಕಟ್ಟಿದ್ಯಾ?" ಅಂದರು ಅತ್ತೆ. ಅದೇ ಸಾಲು, ಅದೇ ಧಾಟಿ.

"ಹೂಂ ಅತ್ತೆ. ಮೂರೂ ಆಯ್ತು."

"ಇನ್ನೊಂದು ಕೀ?" ಅಂದರು ಒಳಗಿನಿಂದ ಅಜ್ಜಿ.

"ಹೋಯ್ತು ಅಜ್ಜಿ."

"ಸರಿ. ಕೈ ತೊಳ್ಕೊಂಡ್ ಬಾ, ಮುದ್ದೆ ಆರೋಗ್ತದೆ. ಸಂಪಿಗೆ ಬಿಟ್ಟಿತ್ತಾ ಹೇಳು."